ಹತ್ತೊಂಬತ್ತು ಹಲ್ಲು

ಹಗಲೆಲ್ಲ ಹಲ್ಲು ಎಣಿಸುವ ಕೆಲಸ ನನ್ನದು.
ಸೂಪರ್ ಮಾರ್ಕೆಟ್ಟಿನ ಹಿಂದೆ, ಎರಡನೇ ಮಾಳಿಗೆ;
ಮೇಣ, ಗಚ್ಚು, ಗುಲಾಬಿ ವಸಡು,
ಯಾರದೋ ನಗು
ಬಟ್ಟಲ ನೀರಿನಲ್ಲಿ ಮುಳುಗಿ ಕೂತಿರುತ್ತದೆ.

ಸಂಜೆ ಮಶಾಕಸಾಬನ ಸೈಕಲ್ ಅಂಗಡಿಯಲ್ಲೂ ಅದೇ ಲೆಕ್ಕ.
"ಮುಂದಿನ ಚಕ್ರಕ್ಕ ನಲವತ್ನಾಲ್ಕು, ಅದನ್ನ ಮುಟ್ಟಬ್ಯಾಡ್ರಿ.
ಹಿಂದ ಎಷ್ಟು ಬೇಕು, ಅಷ್ಟು ಹೇಳ್ರಿ."

ಬೀದರಿಗೆ, ಅಂದೆ.
ಸೋದರತ್ತೆ ಸುಗಲಾಬಾಯಿಯ ಹೊಸ ಹಲ್ಲು
ಸ್ಟೀಲ್ ಡಬ್ಬಿಯಲ್ಲಿ, ಅರಳೆಯ ನಡುವೆ.
ಬಸ್ಸಿದೆಯಲ್ಲ ಎಂದು
ಅವನು ಕೇಳಲಿಲ್ಲ. ಅದಕ್ಕೇ ಅವನ ಹತ್ತಿರ ಹೋಗುವುದು.

"ಇಪ್ಪತ್ತೆರಡು ಹಾಕಿಬಿಡು," ಚಡಾವಿನ ಭಯ ನನ್ನದು.
ಮಶಾಕ ಬೀಡಿ ಆರಿಸಿದ.
"ಬಯಲಾಗ ಏನ್ಮಾಡ್ತೀರಿ?
ಕಾಲು ಕಡಗೋಲು ಆಗತಾವ, ಸೈಕಲ್ ಅಲ್ಲೇ ನಿಂತಿರತದ.
ಇನ್ನೊಂದು: ನಲವತ್ನಾಲ್ಕಕ್ಕ ಇಪ್ಪತ್ತೆರಡು ಬರೋಬರ್ ಅರ್ಧ.
ಬಲಗಾಲು ಒತ್ತಿದಾಗೆಲ್ಲ
ಪೆಟ್ಟು ಅವೇ ಹಲ್ಲಿಗೆ, ವರ್ಷಾನಗಟ್ಟಲೆ ಅವೇ ಹಲ್ಲಿಗೆ.
ಉಳಿದವು ಪುಕ್ಕಟೆ ತಿರಗತಾವ."

ಹದಿನಾರು? ಮೊಳಕಾಲಿಗೆ ಸಿಟ್ಟು ಬರುತ್ತದೆ.
ಹದಿನೆಂಟು ಕಂಪನಿಯದು, ಹಾಲಿನವರಿಗೆ ಸರಿ.
ಡಬ್ಬದ ತಳದಿಂದ ಎಣ್ಣೆ ಮೆತ್ತಿದ ಒಂದನ್ನು ತೆಗೆದು
ಉಗುರಿನಿಂದ ಎಣಿಸಿದ. ಹತ್ತೊಂಬತ್ತು.
"ಬೆಸ ಇದ್ದರ ಎಲ್ಲಾರಿಗೂ ಪಾಳಿ ಬರತದ."
ಗಾಲಿಯನ್ನು ಜೋಳದ ಕಾಳಿನಷ್ಟು ಮುಂದೆ ಸರಿಸಿ
ನಟ್ಟು ಬಿಗಿದ.

ನಸುಕಿನಲ್ಲಿ ಹೊರಟೆ. ಮೂಡಗಾಳಿ ಎದುರಿಗೆ,
ಕೊಯ್ದ ತೊಗರಿಯ ಕೂಳೆ ಎರಡೂ ಕಡೆ.
ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ನಾಲ್ಕು.
ದಾಟಿದ ಮೇಲೆ ಚಡಾವು.
ಎದ್ದು ನಿಂತು ತುಳಿದೆ, ಹ್ಯಾಂಡಲ್ ಎಳೆದು ತುಳಿದೆ,
ಮಶಾಕನ ಏಳು ತಲೆಮಾರಿಗೆ ಬೈಯುತ್ತ ತುಳಿದೆ.
ಇಪ್ಪತ್ತೆರಡಿದ್ದರೆ!
ಟ್ಯಾಂಕರಿನವನು ಹಾರ್ನ್ ಹೊಡೆದು ಹೋದ.
ಇಳಿಯಲಿಲ್ಲ. ಇಳಿದಂತೆಯೇ ಏರಿದೆ, ಅಷ್ಟು ನಿಧಾನ;
ಪಕ್ಕದಲ್ಲಿ ಒಂದು ಮೇಕೆ
ನನ್ನ ಜೊತೆಗೇ ತುದಿ ಮುಟ್ಟಿತು.

ಆಮೇಲೆ ಉತಾರು. ಒಂದೇ ಗೇರಿನವನಿಗೆ ಅಲ್ಲಿ ಕೆಲಸವಿಲ್ಲ,
ಎಷ್ಟು ತುಳಿದರೂ ಸರಪಳಿ ಹಿಂದೆಯೇ.
ಕಾಲು ನಿಲ್ಲಿಸಿದೆ.
ಗಾಲಿಯೊಳಗೆ ಟಿಕ್ಕಟಿಕ್ಕ,
ಡಬ್ಬಿಯೊಳಗೆ ಕಟಕಟ,
ಅತ್ತೆ ನನಗಿಂತ ಮುಂಚೆ ಮಾತು ಶುರು ಮಾಡಿದ್ದಳು.

ಹುಮನಾಬಾದಿನಲ್ಲಿ ರಾತ್ರಿ. ಮರುದಿನ
ಎರೆ ಮುಗಿದು ಮುರ ಬಂತು,
ಟೈರಿನ ಕರಿಗೆ ಕೆಂಪು ಮೆತ್ತಿತು,
ಗಾಳಿ ಬಿತ್ತು, ನೆಲ ಸಮವಾಯಿತು,
ಮತ್ತೆ, ಯಾವಾಗಿನಿಂದಲೋ ತಿಳಿಯದು,
ಕಾಲು ತಾವೇ ಎಣಿಸುತ್ತಿದ್ದವು.
ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೈಗುಳ ವಾಪಸ್ ಪಡೆದೆ,
ಎಲ್ಲವನ್ನಲ್ಲ.

ಬಾಗಿಲಲ್ಲೇ ಅತ್ತೆ ಡಬ್ಬಿ ಕಸಿದು
ಬಾಯಿಗಿಟ್ಟುಕೊಂಡಳು. ಕನ್ನಡಿ ಕೇಳಲಿಲ್ಲ.
"ಎಷ್ಟು ಹಾಕೀದಿ?"
"ಹತ್ತೊಂಬತ್ತು," ಅಂದೆ, ಮೈ ಇನ್ನೂ ತುಳಿಯುತ್ತಿತ್ತು.
ಅವಳ ನಾಲಿಗೆ ಒಳಗೇ ನಿಧಾನ ಸುತ್ತು ಹಾಕಿತು,
ಎಡದಿಂದ ಬಲಕ್ಕೆ, ಮೇಲೆ, ಕೆಳಗೆ.
"ಇಪ್ಪತ್ತೆಂಟವ ಅಲ್ಲೋ ಹುಚ್ಚ,"
ಅಂದು ಹುರಿಗಡಲೆ ಡಬ್ಬಕ್ಕೆ ಕೈ ಹಾಕಿದಳು.