ಒಂದೂವರೆಯ ಬಿಸಿಲು

ಅಲ್ಯೂಮಿನಿಯಂ ಹಲಗೆ ಕಳಚಲು
ಎರಡೂವರೆ ದಿನ ಹಿಡಿಯಿತು.
ಹಿಂದೆ ಪಾರಿವಾಳದ ಹಿಕ್ಕೆ, ಮೊಣಕಾಲೆತ್ತರ,
ಒಂದು ಬೇಸ್‌ಬಾಲ್ ಚೆಂಡು,
ಆಮೇಲೆ ಮುಖ.

ಕೆಂಪಿಟ್ಟಿಗೆಯ ಮೂರು ಕಮಾನು,
ಒಂದೊಂದಕ್ಕೂ ಹುಬ್ಬು.
ಅರವತ್ತು ವರ್ಷ ಕತ್ತಲಲ್ಲಿದ್ದ ಕಿಟಕಿಗಳು
ಬೆಳಕಿಗೆ ಕಣ್ಣು ಕಿರಿದು ಮಾಡಿದವು.
ನೆಬ್ರಾಸ್ಕಾದ ಈ ಊರಿಗೆ ಇರುವುದೊಂದೇ ಮುಖ್ಯ ಬೀದಿ,
ಅದರ ಹೆಸರೂ ಮುಖ್ಯ ಬೀದಿ.
ಬೇರೆ ಹೆಸರು ಹುಡುಕುವಷ್ಟು ಬಿಡುವು ಯಾರಿಗಿತ್ತು?

ನಾನು ಗಾರೆಯವಳು. ಸಂದು ತುಂಬುವುದು ಕಸುಬು.
ಹಳೆಯ ಇಟ್ಟಿಗೆ ಮೆದು,
ಹೊಳೆದಂಡೆಯ ಗೂಡಿನಲ್ಲಿ ಅರೆಬೆಂದದ್ದು.
ಒಂದರ ಮೇಲೆ ನಾಯಿ ನಡೆದ ಗುರುತಿದೆ.
ಇದಕ್ಕೆ ಸುಣ್ಣವೇ ಆಗಬೇಕು.
ಗೋಡೆ ಉಬ್ಬುತ್ತದೆ, ಕುಗ್ಗುತ್ತದೆ, ಬೆವರುತ್ತದೆ;
ಗಾರೆ ಸೋಲಬೇಕು, ಇಟ್ಟಿಗೆ ಉಳಿಯಬೇಕು.
ನಲವತ್ತರ ದಶಕದಲ್ಲಿ ಯಾರೋ ಸಿಮೆಂಟು ಮೆತ್ತಿದ್ದಾರೆ,
ಒಳ್ಳೆಯ ಮನಸ್ಸಿನಿಂದಲೇ.
ಸಿಮೆಂಟು ಸೋಲಲಿಲ್ಲ.
ಸುತ್ತಲಿನ ಇಟ್ಟಿಗೆಗಳೆಲ್ಲ ಹಕ್ಕಳೆ ಎದ್ದು ಉದುರಿವೆ.

ನೆತ್ತಿಯ ಕಿರೀಟ ಕಲ್ಲಿನದಲ್ಲ.
ಟೆವಿನ್ ಬೆರಳಲ್ಲಿ ಬಡಿದ, ಟಣ್.
ತಗಡು! ಮರಳು ಬೆರೆಸಿದ ಬಣ್ಣ ಬಳಿದು
ಕಲ್ಲಿನ ಸೋಗು ಹಾಕಿಸಿದ್ದು.
ಸೇಂಟ್ ಲೂಯಿಸ್‌ನ ಕ್ಯಾಟಲಾಗು ನೋಡಿ
ಪುಟ, ನಂಬರು ಬರೆದು ತರಿಸಿದ್ದು.
ಜೊತೆಗೆ ಎರಕದ ಕಂಬ ನಾಲ್ಕು,
ಗೂಡ್ಸು ರೈಲಿನ ಒಣಹುಲ್ಲಲ್ಲಿ ಮಲಗಿ ಬಂದವು.
ಬೀದಿಗೆ ರೇಷ್ಮೆ, ಬೆನ್ನಿಗೆ ಗೋಣಿತಟ್ಟು:
ಹಿಂದಿನ ಓಣಿಗೆ ಹೋಗಿ ನೋಡು,
ಸೊಟ್ಟ ಇಟ್ಟಿಗೆ, ಒಡಕು ಇಟ್ಟಿಗೆ, ಸುಟ್ಟು ಕರಕಾದ ಇಟ್ಟಿಗೆ.
'ಮೋಸ' ಎಂದ ಹುಡುಗ.
ಹಾಗನ್ನಬೇಡ ಎಂದೆ.
ಊರು ಹುಟ್ಟಿ ಐದು ವರ್ಷ ಆಗಿತ್ತು,
ಬೀದಿಯ ಕೆಸರಲ್ಲಿ ಹಂದಿಗಳು ಮಲಗುತ್ತಿದ್ದವು.
ನಾವು ಇಲ್ಲಿಂದ ಏಳುವವರಲ್ಲ ಎಂದು
ಯಾರಿಗೋ ಗಟ್ಟಿಯಾಗಿ ಹೇಳಬೇಕಿತ್ತು.

ನಡುವೆ ಸುಣ್ಣಗಲ್ಲಿನ ಫಲಕ, ೧೮೮೮.
ಅದರಡಿ: ಸ್ಕಾಲಾ ಮತ್ತು

ಮತ್ತು?
ಅಲ್ಲಿಂದಾಚೆ ಎರಡು ಮೊಳ
ಉಳಿ ಆಡಿದ ಹಳ್ಳ.

ಜವಳಿ, ಮೊಳೆ, ಶವಪೆಟ್ಟಿಗೆ
ಒಂದೇ ಸೂರಿನಡಿ ಮಾರಿದ ಪಾಲುದಾರರು
ಬೋಹುಮಿಲ್ ಸ್ಕಾಲಾ, ಓಟ್ಮಾರ್ ಡ್ರೆಯೆರ್.
ಹತ್ತೊಂಬತ್ತು ನೂರ ಹದಿನೆಂಟರ ಏಪ್ರಿಲು.
ಜರ್ಮನ್ ಆಡಿದವರ ಬಾಗಿಲಿಗೆ
ರಾತ್ರೋರಾತ್ರಿ ಹಳದಿ ಬಣ್ಣ ಬೀಳುತ್ತಿದ್ದ ತಿಂಗಳು.
ಗುಂಪು ಕೆತ್ತಿ ಹಾಕಿತು ಎನ್ನುತ್ತದೆ ಊರು.
ಊರಿಗೆ ಕಲ್ಲು ಓದಲು ಬರುವುದಿಲ್ಲ.
ಇದು ಗುಂಪಿನ ಕೈಯಲ್ಲ.
ಅಂಚು ನೇರ, ಆಳ ಒಂದೇ ಸಮ,
ಪಕ್ಕದ ಹೆಸರಿನ ಒಂದು ಚಕ್ಕೆಯೂ ಎದ್ದಿಲ್ಲ.
ಹಗಲಲ್ಲಿ, ಕೂಲಿ ಕೊಟ್ಟು, ಸಾವಕಾಶ ಮಾಡಿಸಿದ ಕೆಲಸ.
ಕೊಟ್ಟವನು ಸ್ಕಾಲಾನೋ,
ಇಲ್ಲ ಡ್ರೆಯೆರನೇ
ಮನೆಯಲ್ಲಿರುವ ಮಕ್ಕಳನ್ನು ನೆನೆದು,
ಕೆಳಗೆ ನಿಂತು ಏಣಿ ಹಿಡಿದನೋ.

ಮರಳಿ ಕೆತ್ತಿಸೋಣ, ಚಂದಾ ಎತ್ತೋಣ
ಎಂದಿತು ಊರಸಭೆ.
ಈಗ ಕೆಳಗಿನ ಮಳಿಗೆಯಲ್ಲಿ ಬ್ರೆಡ್ಡು ಸುಡುವ
ಎವುಲಾಲಿಯಾ ಚುಬ್, ಗ್ವಾಟೆಮಾಲಾದವಳು,
ಹಿಂದಿನ ಸಾಲಿನಿಂದ ಕೇಳಿದಳು:
'ಅಳಿಸಿದ್ದು ಅವನೇ ಆಗಿದ್ದರೆ, ಅವನನ್ನು ಕೇಳಿದಿರಾ?'
ಯಾರೂ ಮಾತಾಡಲಿಲ್ಲ. ಅವಳು ತಂದ ಬನ್ನುಗಳು ಮಾತ್ರ ಖರ್ಚಾದವು.

ಪಡುವಣಕ್ಕೆ ಮುಖ ಮಾಡಿದ ಗೋಡೆಗೆ
ಅರ್ಧ ದಿನ ನೆರಳೇ.
ಅಕ್ಟೋಬರಿನಲ್ಲಿ ಒಂದೂವರೆಯ ಹೊತ್ತಿಗೆ
ಬಿಸಿಲು ಮೂಲೆ ತಿರುಗಿ
ಇಟ್ಟಿಗೆ ಸವರಿಕೊಂಡು ಬರುತ್ತದೆ.
ಆಗ ಆ ಹಳ್ಳದ ತಳದಲ್ಲಿ,
ಮೊದಲ ಅಕ್ಷರದ ಹೊಟ್ಟೆ,
ಕೊನೆಯದರ ಚಾಚಿದ ಕಾಲು.
ಹತ್ತು ನಿಮಿಷ. ಹೆಚ್ಚೆಂದರೆ ಹನ್ನೆರಡು.
ಆಮೇಲೆ ಬಿಸಿಲು ನೆಟ್ಟಗಾಗಿ
ಕಲ್ಲು ಬರಿಯ ಕಲ್ಲು.

ಫಲಕದ ಸುತ್ತಲ ಸಂದಿಗೆ ಸುಣ್ಣ ತುಂಬಿದೆ.
ಹಳ್ಳವನ್ನು ಮುಟ್ಟಲಿಲ್ಲ,
ನೀರು ನಿಲ್ಲದಂತೆ ಕೆಳತುಟಿಗೆ
ತುಸು ಇಳಿಜಾರು ಕೊಟ್ಟೆ ಅಷ್ಟೆ.
ಬಿಲ್ಲಿನಲ್ಲಿ ಇದನ್ನೇನೆಂದು ಬರೆಯಲಿ ಎಂದ ಟೆವಿನ್.
ಅರ್ಧ ಗಂಟೆ ಎಂದು ಬರಿ.
ಬರೆದಾದ ಮೇಲೆ ಟಾರ್ಪಾಲು ಕಟ್ಟು,
ಹಸಿ ಸುಣ್ಣಕ್ಕೆ ಇವತ್ತಿನ ಚಳಿ ಆಗದು.