ಹದಿನಾಲ್ಕು ಸಾವಿರ ಅಡಿ

ಅಡುಗೆಮನೆಯ ಮೇಜಿನ ಮೇಲೆ ಎರಡು ಕಾಗದ.
ಒಂದರ ಮೇಲೆ ಉಪ್ಪಿನ ಡಬ್ಬಿ,
ಇನ್ನೊಂದರ ಮೇಲೆ ಆರ್ವೋನ ಮೊಣಕೈ.
ಕೇಬಲ್‌ನವರದು ಕೆಂಪು ಹಾಳೆ: ತಿಂಗಳಿಗೆ ನಲವತ್ತೆರಡು ಡಾಲರ್,
ಮೊದಲ ಮೂರು ತಿಂಗಳು ಅರ್ಧ.
ಡಿಎಸ್‌ಎಲ್‌ನವರದು ಬೂದು: ಮೂವತ್ತು,
ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ
'ವೇಗವು ದೂರಕ್ಕೆ ಒಳಪಟ್ಟಿರುತ್ತದೆ.'

ಯಾವುದು ಒಳಪಟ್ಟಿಲ್ಲ, ಎಂದೆ.
ಆರ್ವೋ ನಗಲಿಲ್ಲ.

ನನ್ನ ಕೆಲಸ ಇಷ್ಟೇ: ದೊಡ್ಡಾಸ್ಪತ್ರೆಯ ಡಾಕ್ಟರುಗಳು
ಗೊಣಗಿದ್ದನ್ನು ಕೇಳಿ ಟೈಪು ಮಾಡುವುದು.
ಒಂದು ಮೂತ್ರಪಿಂಡ ಇಳಿದು ಬರಲು ಈಗ ನಲವತ್ತು ನಿಮಿಷ;
ಅಷ್ಟು ಹೊತ್ತೂ ಫೋನು ಮೂಗ.
ನಾದಿನಿ ಹಿಲ್ಯಾ ನೆಗೌನಿಯಿಂದ ಕರೆದು ಕರೆದು ಸೋತು
ಕೊನೆಗೆ ಕಾರಿನಲ್ಲೇ ಬಂದು ಬಾಗಿಲು ಬಡಿದಳು,
ಸತ್ತಿದ್ದೀರೋ ಬದುಕಿದ್ದೀರೋ ಎಂದು.

ಕೇಬಲ್ ಹುಡುಗ ಡೆಲ್ಬರ್ಟ್
ಹಿಮದ ಬೂಟು ಹೊರಗೆ ಬಿಟ್ಟು,
ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ ನಿಂತು
ನಾಲ್ಕು ಪಟ್ಟು ಜೋರು ಎಂದ.
"ಬೀದಿಗೆಲ್ಲ ಒಂದೇ ಕೊಳವೆ ಅಲ್ಲವೇನಯ್ಯಾ,
ಸಂಜೆ ಆರಕ್ಕೆ ಎಲ್ಲರೂ ಬಾಯಿ ಹಾಕಿದರೆ?"
ಹುಡುಗ ಸುಳ್ಳು ಕಲಿತಿರಲಿಲ್ಲ.
"ಶನಿವಾರ ಸಂಜೆ ಮಾತ್ರ ಹಾರುತ್ತದೆ ಸರ್,
ಇಡೀ ಇಷ್ಪೆಮಿಂಗ್ ಸೌನಾದಲ್ಲಿ ಬೆವರುತ್ತಿರುತ್ತದಲ್ಲ."

ಡಿಎಸ್‌ಎಲ್ ಹಾಗಲ್ಲ. ನಮ್ಮದೇ ತಂತಿ, ನಮ್ಮೊಬ್ಬರದೇ.
ಎಕ್ಸ್‌ಚೇಂಜಿನಿಂದ ನಮ್ಮ ಗೋಡೆಗೆ ಹದಿನಾಲ್ಕು ಸಾವಿರ ಅಡಿ ತಾಮ್ರ,
ನೀರು ತುಂಬಿದ ಹಳೆಯ ಗಣಿ ಬಳಸಿ,
ಲೂಥರನ್ ಚರ್ಚಿನ ಬೆನ್ನು ಸವರಿ.
ಯಾರ ಎಂಜಲೂ ಇಲ್ಲ. ಆದರೆ ಅಡಿ ಅಡಿಗೂ ಸುಂಕ.
ದೂರದ ಬೆಟ್ಟ ನುಣ್ಣಗಂತೆ;
ದೂರದ ತಂತಿ ತರಕಲು.

ಆ ತಾಮ್ರವನ್ನು ಹೊಸೆದವನು ಇವನೇ.
ಇಪ್ಪತ್ತಾರು ವರ್ಷ ಕಂಬದ ತುದಿ, ಗುಂಡಿಯ ತಳ.
ನನಗೆ ಅದು ಸವತಿ, ಜಗಳವಾಡದ ಸವತಿ.
ಅದಕ್ಕೇ ಕಂಪನಿಗೆ ಫೋನು ಮಾಡಿ
ಬಂದು ಅಳೆದು ನೋಡಿ ಎಂದವನೂ ಇವನೇ.

ಬಂದವಳು ಮಾರ್ನಿ ಕೊಸ್ಕಿ, ಕೆಲಸಕ್ಕೆ ಹೊಸಬಳು.
ಮೀಟರು ಹಚ್ಚಿ ತುಟಿ ಕಚ್ಚಿದಳು.
"ಎಲ್ಲೋ ನೀರು ಕುಡಿದಿದೆ."
ಮಧ್ಯಾಹ್ನವೆಲ್ಲ ಅಲೆದು ಚರ್ಚಿನ ಹಿಂದಿನ ಪೆಟ್ಟಿಗೆ ತೆರೆದರೆ
ಪಾಚಿಯಂತೆ ಹಸಿರು ಕಟ್ಟಿದ ಒಂದು ಕೀಲು,
ಅರ್ಧಕ್ಕೇ ನಿಂತ ಮೇಣ,
ಕತ್ತಿಗೆ ತಗಡಿನ ಚೀಟಿ: ೧೯೮೧, ಜನವರಿ, ಆ. ಹೆ.

ನಾನು ಕಾರಿನಿಂದ ಇಳಿಯಲಿಲ್ಲ.
ಅವನ ಬೆನ್ನಷ್ಟೇ ಕಾಣುತ್ತಿತ್ತು.
"ಮೈನಸ್ ಮೂವತ್ತರಲ್ಲಿ ಯಾರ ಬೆರಳು ತಾನೇ ಬಗ್ಗುತ್ತವೆ,"
ಎಂದಳಂತೆ ಹುಡುಗಿ, ಟಾರ್ಚು ಅವನ ಕೈಯತ್ತ ತಿರುಗಿಸಿ.
ಇವನೇ ಬಿಚ್ಚಿ, ಇವನೇ ಕಟ್ಟಿದ. ಕತ್ತಲಾಯಿತು.

ಆ ಜನವರಿಯಲ್ಲಿ ಒಂದು ದಿನ
ನಲ್ಲಿ ಹೆಪ್ಪುಗಟ್ಟಿದೆ ಬೇಗ ಬಾ ಎಂದು
ನಾನೇ ಅವನ ಆಫೀಸಿಗೆ ಫೋನು ಮಾಡಿದ್ದೆ.
ಅದೇ ದಿನವೋ, ಬೇರೆಯೋ.
ಕೇಳಲಿಲ್ಲ. ಅವನೂ ಹೇಳಲಿಲ್ಲ.

ಕೀಲು ಸರಿಯಾಯಿತು.
ದೂರ ಸರಿಯಾಗಲಿಲ್ಲ.
ಹದಿನಾಲ್ಕು ಸಾವಿರ ಅಡಿ ನಡೆದು ಬಂದ ಮೂತ್ರಪಿಂಡಕ್ಕೆ
ಇನ್ನೂ ಏದುಸಿರು.
ಕೆಂಪು ಹಾಳೆಗೆ ನಾನು ಸಹಿ ಹಾಕಿದೆ; ಪೆನ್ನು ತಂದುಕೊಟ್ಟವನು ಅವನು.
ಫೋನು ಮಾತ್ರ ಕೀಳಿಸಬೇಡ, ಎಂದ.

ನವೆಂಬರಿನಲ್ಲಿ ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಎದ್ದು
ಕರೆಂಟು ಹೋಯಿತು. ಮೋಡೆಮ್ಮಿನ ನಾಲ್ಕು ಕಣ್ಣೂ ಮುಚ್ಚಿದವು,
ಡಾಕ್ಟರು ಒಂದು ಯಕೃತ್ತಿನ ನಡುವೆ ಸುಮ್ಮನಾದರು.
ಆರ್ವೋ ಕತ್ತಲಲ್ಲೇ ಗೋಡೆ ತಡವಿ
ರಿಸೀವರು ತೆಗೆದು ನನ್ನ ಕಿವಿಗಿಟ್ಟ.
ಗುಂಯ್ ಎನ್ನುತ್ತಿತ್ತು, ಒಂದು ಕರಕರವೂ ಇಲ್ಲದೆ.

ಹಿಲ್ಯಾಗೆ ಮಾಡೋಣವೇ, ಎಂದೆ.
ಬೇಡ, ಎಂದ,
ಸ್ವಲ್ಪ ಹೊತ್ತು ಹೀಗೇ ಇರಲಿ.