ಅಳತೆ ಪುಸ್ತಕ

ಕ್ಲಾಕ್ಸ್‌ವೀಕ್ ಬಂದರಿಗೆ ಬೆನ್ನು ಹಾಕಿದ
ನನ್ನ ಹೊಲಿಗೆ ಕೋಣೆಯಲ್ಲಿ
ಮೂವತ್ತೊಂದು ವರ್ಷದ ಅಳತೆ ಪುಸ್ತಕಗಳಿವೆ.
ಈ ದ್ವೀಪದಲ್ಲಿ ಯಾರು ಉಬ್ಬಿದರು, ಯಾರು ಸೊರಗಿದರು
ಪಾದ್ರಿಗಿಂತ ಮೊದಲು ನನಗೆ ಗೊತ್ತು.
ಬಾಯಿ ಬಿಡುವವಳಲ್ಲ;
ಬಾಯ ತುಂಬ ಗುಂಡುಸೂಜಿ.

ಮಾರ್ಯುನ್, ಹದಿನಾಲ್ಕು. ಸೊಂಟ ಅರವತ್ತಾರು.
ಕೆಂಪು ಹೆಣಿಗೆಯ ರವಿಕೆ, ಅದರ ಮುಂದೆ
ಕೊಕ್ಕೆಯಿಂದ ಕೊಕ್ಕೆಗೆ ಹಾಯುವ ಅಜ್ಜಿಯ ಬೆಳ್ಳಿ ಸರಪಳಿ.
ಬಿಗಿದಾಗ ಉಸಿರು ಹಿಡಿದು ನಿಂತಿದ್ದಳು, ನೆಟ್ಟಗೆ,
ಹಡಗಿನ ಕಂಬದ ಹಾಗೆ.

ಮಾರ್ಯುನ್, ಹದಿನೆಂಟು. ಐವತ್ತೇಳು.
ಪಕ್ಕದಲ್ಲಿ ನನ್ನದೇ ಅಕ್ಷರ:
‘ಎರಡೂ ಕಡೆ ಹಿಡಿಯಬೇಕು. ಅದೃಷ್ಟವಂತೆ.’
ಅವತ್ತು ಅಂದದ್ದೂ ನೆನಪಿದೆ:
ಏನು ತಿಂತೀಯೇ ಹುಡುಗಿ, ಗುಟ್ಟು ನಮಗೂ ಹೇಳು.
ನಕ್ಕಳು. ಬಾತ್‌ರೂಮ್ ಎಲ್ಲಿ ಅಂದಳು.
ಒಳಗೆ ನಲ್ಲಿಯನ್ನು ಜೋರಾಗಿ ಬಿಟ್ಟ ಸದ್ದು,
ಬಹಳ ಹೊತ್ತು.

ಇಪ್ಪತ್ತು. ಎಪ್ಪತ್ತೊಂಬತ್ತು.
ಮಾತ್ರೆಗಳಿಗೆ ಮುಖ ಊದಿ, ಕಣ್ಣು ಸಣ್ಣದಾಗಿ.
ಬಸುರಿಯಿರಬೇಕು ಅಂದಿತು ಊರು.
ನಾನು ಹೌದೆನ್ನಲಿಲ್ಲ.
ಅಲ್ಲವೆಂದೂ ಅನ್ನಲಿಲ್ಲ.

ಆಮೇಲೆ ಆರು ಪುಸ್ತಕಗಳಲ್ಲಿ ಅವಳ ಹೆಸರಿಲ್ಲ.
ಸಮುದ್ರದಡಿಯ ಸುರಂಗದಲ್ಲಿ ಟಾಯ್ಲೆಟ್ ಇಲ್ಲವೆಂದು
ರಾಜಧಾನಿಗೆ ಹೋಗುವುದನ್ನೇ ಬಿಟ್ಟಳಂತೆ.
ಮೀನು ಕಾರ್ಖಾನೆ ಬಿಟ್ಟಳಂತೆ, ಈಜು ಬಿಟ್ಟಳಂತೆ,
ಬೋಗಿ ಅನ್ನುವ ಹುಡುಗನನ್ನೂ;
ಅಲ್ಲಿ ಬಿಟ್ಟದ್ದು ಯಾರು ಯಾರನ್ನು
ಎಂಬ ಬಗ್ಗೆ ಎರಡು ಮಾತಿದೆ.

ಈ ಜುಲೈ ತಿಂಗಳಲ್ಲಿ ಬಂದಳು.
ಪರದೆಯನ್ನು ತಾನೇ ಎಳೆದಳು.
‘ಟೇಪು ಹಿಡಿಯುವ ಮೊದಲು ನೋಡಿಬಿಡಿ’
ಎಂದು ಅಂಗಿ ಎತ್ತಿದಳು.

ಹೊಕ್ಕುಳ ಕೆಳಗೆ, ಬಲಕ್ಕೆ,
ಅಂಗೈಯಷ್ಟಗಲ ಚೀಲ.
‘ಚರ್ಮದ ಬಣ್ಣದ್ದಂತೆ. ಯಾರ ಚರ್ಮವೋ.
ಈ ಬಣ್ಣದ ಮನುಷ್ಯರನ್ನು ನಾನಂತೂ ನೋಡಿಲ್ಲ.
ದೊಡ್ಡ ಕರುಳು ಪೂರ್ತಿ ತೆಗೆದರು’
ಅಂದಳು, ಗಾಳಿ ತಿರುಗಿತು ಅನ್ನುವ ಹಾಗೆ.
‘ಸರಪಳಿ ಇದರ ಮೇಲೆ ಬರಬಾರದು.
ಗೋಣಿಯಂತೆ ಜೋಲಲೂ ಬಾರದು.
ಈ ಸಲ ನಾನು ಚಂದ ಕಾಣಬೇಕು.’

ಕರುಳು ಚುರ್ರೆಂದಿತು ನನಗೆ.
ಬಾಯಿಗೆ ಬಂದ ಮಾತನ್ನು
ಸೂಜಿಗಳ ಜೊತೆ ಕಚ್ಚಿ ಹಿಡಿದೆ;
ಅವಳೆದುರು ಆಡುವ ಮಾತೇ ಅದು?

ಟೇಪು ಸುತ್ತಿದೆ.
ಆಗ ಚೀಲವೇ ಗುಳುಗುಳು ಎಂದಿತು.
ನಾನು ಕಲ್ಲಾದೆ. ಅವಳೂ.
ಆಮೇಲೆ ಅವಳೇ,
‘ಇದಕ್ಕೆ ಹೊತ್ತು ಗೊತ್ತಿಲ್ಲ, ನಮ್ಮ ಚಿಕ್ಕಪ್ಪನ ಹಾಗೆ.’
ಎರಡು ಸೂಜಿ ನೆಲಕ್ಕೆ ಬಿದ್ದವು, ನಗುವಿಗೆ.

‘ಅವತ್ತು, ಹದಿನೆಂಟರಲ್ಲಿ…’ ಶುರುಮಾಡಿದೆ.
‘ಗೊತ್ತು,’ ಅಂದಳು.
‘ದಿನಕ್ಕೆ ಹನ್ನೆರಡು ಸಲ ರಕ್ತ ಹೋಗುತ್ತಿತ್ತು,
ಊರೆಲ್ಲ ನನ್ನ ಸೊಂಟ ಹೊಗಳುತ್ತಿತ್ತು.
ನಿಜ ಹೇಳಲಾ? ನನಗೂ ಆ ಸೊಂಟ ಇಷ್ಟವಾಗಿತ್ತು.
ಆ ಫೋಟೋ ಹರಿದಿಲ್ಲ ಇನ್ನೂ.’

ಹೊಟ್ಟೆಗೆ ಹಾಕಿಕೋ ಮಗಳೇ, ಅನ್ನಬೇಕಿತ್ತು.
ಅನ್ನಲಿಲ್ಲ.
ಆ ಹೊಟ್ಟೆಗೆ ಊರು ಹಾಕಿದ್ದು ಸಾಕು.

ಮೂರು ರಾತ್ರಿ ಕೂತೆ.
ಬಲ ಪಕ್ಕೆ ಬಿಚ್ಚಿ, ಹೊಸ ನೂಲು ಹೆಣೆದು,
ಒಳಗೆ ತೊಳೆತೊಳೆದು ಮೆತ್ತಗಾದ ದಿಂಬುಚೀಲದ ಬಟ್ಟೆ ಕೊಟ್ಟು
ಎರಡು ಬೆಳ್ಳಿ ಕೊಕ್ಕೆಗಳನ್ನು ಸರಿಸಿದೆ
ಒಂದೇ ಒಂದು ಬೆರಳು.
ನೋಡಿದವರಿಗೆ ತಿಳಿಯದು. ಬೆಳ್ಳಿಗೆ ತಿಳಿದೀತು.

ಹಬ್ಬದ ನಡುರಾತ್ರಿ, ಕೈಗೆ ಕೈ ಕೊಂಡಿ ಹಾಕಿ
ಸಾವಿರ ಕಾಲು ನೆಲ ಗುದ್ದುವ ಸುತ್ತಿನಲ್ಲಿ
ಎದುರು ಸಾಲಿಗೆ ಕಂಡಳು;
ಸುರಂಗ ದಾಟಿಯೇ ಬಂದಿದ್ದಾಳೆ.
ಪದ ಮುಗಿಯುವ ಮುನ್ನ ಕೈ ಬಿಡಿಸಿ ಹೊರಟಳು.
ಬಾಗಿಲು ನೋಡುತ್ತ ನಾನು ಹೆಜ್ಜೆ ತಪ್ಪಿದೆ,
ಪಕ್ಕದವನ ಕಾಲು ತುಳಿದೆ.

ಬಂದಳು. ಹಳೆಯ ಜಾಗಕ್ಕಲ್ಲ.
ಗುರುತಿಲ್ಲದ ಇಬ್ಬರ ಕೈ ಬಿಡಿಸಿ
ನಡುವೆ ಸೇರಿಕೊಂಡಳು.
ಏಪ್ರನ್ ಬಲಕ್ಕೆ ತುಸು ಉಬ್ಬಿ ಮಡಿಚಿಕೊಂಡಿತ್ತು.
ಸರಿಮಾಡಿಕೊಳ್ಳಲು
ಕೈ ಖಾಲಿ ಇರಲಿಲ್ಲ ಅವಳಿಗೆ.

ಮಾರ್ಯುನ್, ಇಪ್ಪತ್ತಾರು. ಅರವತ್ತೆಂಟು.
ಬಲಕ್ಕೆ ಒಂದು ಬೆರಳು ಬಿಡುವುದು.

ಹಳೆಯ ಪುಸ್ತಕದಲ್ಲಿ ‘ಅದೃಷ್ಟವಂತೆ’
ಹಾಗೇ ಇದೆ. ಹೊಡೆದುಹಾಕಿಲ್ಲ.
ಆಗಾಗ ತೆಗೆದು
ನಾನೇ ಓದಿಕೊಳ್ಳಲಿ ಎಂದು.